ಪರದೆ ಮ್ಯಾಲಿನ ಕಾಲುವಿ

"ಏನ ಯವ್ವಾ, ಸೂಟಿಗಿ ಬಂದಾಕಿ ಚೌಕಾನಿ ಗೀಚಕೋತ ಕುಂತೀದಿ?"

ಬಾಜೂ ಮನಿ ಹುಡುಗಿ ಇಂಜಿನಿಯರಿಂಗ್ ಓದತಾಳ. ಲ್ಯಾಪ್‌ಟಾಪ್ ಬೇಲಿ ಕಡೆ ತಿರುವಿದಳು.

"ಕಾಕಾ, ಇದು ಕಾಲುವಿ."

"ನೀರ ಎಲ್ಲೈತಿ?"

"ಈ ಬಾಣದಾಗ ಹರೀತೈತಿ. ಸೈಲ್ಯಾಬ್ ಅಂತ ಸಾಫ್ಟ್‌ವೇರ್, ಅದರೊಳಗ ಎಕ್ಸ್‌ಕಾಸ್. ಫ್ರಾನ್ಸ್‌ದಾಗ ಹುಟ್ಟಿದ್ದು, ಪುಕ್ಕಟ ಸಿಗತೈತಿ. ಸಿಮ್ಯುಲಿಂಕೂ ಇಂಥಾದ್ದ, ಅದಕ್ಕ ಲೈಸೆನ್ಸ್ ಕೊಳ್ಳಬೇಕು. ಡಬ್ಬಿ ಎಳದು ಇಡೂದು, ಬಾಣ ಜೋಡಸೂದು, ಓಡಸೂದು."

ಎರಡು ಗೇಟಿನ ನಡುವಿನ ಕಾಲುವಿಗೆ ಎರಡ ಡಬ್ಬಿ ಸಾಕಂತ. ಮ್ಯಾಲ ಬಿಟ್ಟ ನೀರು ಕೆಳಗ ಮುಟ್ಟಾಕ ಹಿಡಿಯೂ ವ್ಯಾಳ್ಯಾ ಒಂದು. ಬಂದ ನೀರಿನಾಗ ಹೋದದ್ದು ಕಳದು ಉಳಿದದ್ದನ್ನ ಕೂಡಿಸಿ ಮಟ್ಟ ಹೇಳೂದು ಇನ್ನೊಂದು.

"ಇದೇನ ಆಟ ಅಲ್ಲ ಕಾಕಾ. ನಾರಾಯಣಪುರ ಎಡದಂಡಿ ಕಾಲುವಿಯಾಗ ಈಗ ಗೇಟು ದೂರದಿಂದ ಏರಿಸಿ ಇಳಸ್ತಾರ. 2023ರ ಜನವರಿ 19ಕ್ಕ ಪ್ರಧಾನಿ ಕೊಡೇಕಲ್ಲಿಗಿ ಬಂದು ಉದ್ಘಾಟನಾ ಮಾಡಿದ್ರಲ್ಲ, ಅದ. 10,000 ಕ್ಯೂಸೆಕ್ ನೀರು, 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟು. ಅಂಥಾದ್ದರ ಮ್ಯಾಲ ಪ್ರಯೋಗ ಮಾಡಾಕ ಬರತೈತೇನು? ದಂಡಿ ಒಡದ್ರ ಹೊಲಾನ ಹೋತು. ಇಲ್ಲಿ ಒಡದ್ರ ಪರದೆ ಮ್ಯಾಲ ನೀರಿನ ಮಟ್ಟ ತೋರಸೂ ಗೀರು ಅಷ್ಟ ಮ್ಯಾಲ ಹೋಗತೈತಿ."

"ತೋರಸು ನೋಡೂಣು."

"ಮೊದಲ ಅವಸರದ ನೀರುಗಂಟಿನ್ನ ಕುಂದರಸ್ತೇನಿ." ಯಾವುದೋ ಅಂಕಿ ದೊಡ್ಡದು ಮಾಡಿದಳು. ಮಟ್ಟ ಚೂರ ಇಳೀತು, ಗೇಟು ಪೂರಾ ತಗೀತು. ಮಟ್ಟ ಇನ್ನೂ ಇಳೀತು. ಆಮ್ಯಾಲ ಒಮ್ಮೆಲೆ ನೀರು ಬಂದು ತುಂಬಿ ಚೆಲ್ಲಾಕತ್ತಿತು. ಗೇಟು ಪೂರಾ ಬಂದ್. ಮತ್ತ ಬರಗಾಲ. ಗೀರು ಹಾವಿನಗತೆ ಹೊಳ್ಳಾಡಿತು.

"ಬಿಟ್ಟ ನೀರು ಇನ್ನೂ ದಾರ್ಯಾಗ ಇರತೈತಿ ಕಾಕಾ. ಅದು ಮುಟ್ಟೂಮಟ ತಡಕೊಳ್ಳದ ಮತ್ತ ಗೇಟಿಗಿ ಕೈ ಹಾಕಿದ್ರ ಹಿಂಗ." ಅಂಕಿ ಸಣ್ಣದು ಮಾಡಿದಳು. ಗೀರು ಒಂದೆರಡು ಸಲ ಅಲ್ಲಾಡಿ ಸುಮ್ಮನಾತು.

"ಶಾಣ್ಯಾಕಿ! ಇದರಾಗ ರೈತ ಯಾವ ಡಬ್ಬಿ?"

ಹೊರಗಿಂದ ಬಂದು ಬಡಿಯೂ ಒಂದು ಬಾಣ ತೋರಿಸಿದಳು. "ಇದಕ್ಕ ನಮ್ಮ ಪುಸ್ತಕದಾಗ ಡಿಸ್ಟರ್ಬನ್ಸ್ ಅಂತಾರ."

"ಏ ಹುಚ್ಚಿ! ಕಾಲುವಿ ತಗದದ್ದ ನಮ್ಮ ಸಲುವಾಗಿ. ನಾವ ಡಿಸ್ಟರ್ಬನ್ಸ್ ಏನು?"

"ಹೇಳದ ಕೇಳದ ನೀರು ತಗೊಂಡ್ರ ಹೌದು. ಪೈಲೇಕ ಹೇಳಿದ್ರ ಅಲ್ಲ." ಆ ಬಾಣದಿಂದ ಸೀದಾ ಮ್ಯಾಲಿನ ಗೇಟಿಗಿ ಇನ್ನೊಂದು ಬಾಣ ಎಳದಳು. "ಎಂದ ಬೇಕು, ಎಷ್ಟ ಬೇಕು ಅಂತ ಗೊತ್ತಾದ್ರ, ದಾರಿ ಹಿಡಿಯೂ ವ್ಯಾಳ್ಯಾ ಲೆಕ್ಕ ಹಾಕಿ ಅಷ್ಟ ಮೊದಲ ಗೇಟು ತಗೀತೈತಿ. ಮಟ್ಟ ಅಲ್ಲಾಡೂದ ಇಲ್ಲ ನೋಡ್ರಿ."

ಖರೇನ, ಗೀರು ಮಿಸುಕಾಡಲಿಲ್ಲ.

"ಪೈಲೇಕ ಹೇಳೂದಾ? ನಮ್ಮ ಮಂದಿ? ಲಗ್ನಕ್ಕ ಎಷ್ಟು ಜನ ಬರ್ತೀರಿ ಅಂತ ಕೇಳಿದ್ರ 'ನೋಡೂಣು ತಗೋರಿ' ಅಂತಾರ, ಊಟದ ಹೊತ್ತಿಗಿ ಮೂರು ಟಂಟಂ ತುಂಬಿ ಇಳೀತಾರ. ಅವರಿಗಿ ಯಾವ ಡಬ್ಬಿ ಹಾಕ್ತಿ?"

"ಅದಕ್ಕೂ ಐತಿ ಕಾಕಾ," ಅಂದಳು, ಹುಡುಕಿ ಒಂದು ಡಬ್ಬಿ ಎಳಕೋತ. "ರ‍್ಯಾಂಡಮ್ ಅಂತ."