ಧನುರ್ಮಾಸದ ಕ್ರಿಸ್‌ಮಸ್ ಸಿನಿಮಾ

ಅಮೆರಿಕದ ಟಿವಿಯಲ್ಲಿ ಕ್ರಿಸ್‌ಮಸ್ ಡಿಸೆಂಬರಿಗಾಗಿ ಕಾಯುವುದಿಲ್ಲ. ಅಕ್ಟೋಬರ್ ಕೊನೆಗೇ, ಅಲ್ಲಿನ ಕನ್ನಡದ ಮನೆಗಳಲ್ಲಿ ದೀಪಾವಳಿಯ ಚಕ್ಕುಲಿ ಇನ್ನೂ ಕರಿಯುತ್ತಿರುವಾಗಲೇ, ಹಾಲ್‌ಮಾರ್ಕ್ ಚಾನೆಲ್ ಹಿಮ ಸುರಿಸತೊಡಗುತ್ತದೆ. ಅಲ್ಲಿಂದ ಎರಡು ತಿಂಗಳು ರಿಮೋಟು ಮೊಮ್ಮಕ್ಕಳ ಕೈಯಲ್ಲಿ. ಟೀಕೆ-ಟಿಪ್ಪಣಿ ಮಾತ್ರ ಆರು ತಿಂಗಳಿಗೆಂದು ಊರಿನಿಂದ ಬಂದ ಅಜ್ಜ-ಅಜ್ಜಿಯದು.

ಚಿಕ್ಕಮಕ್ಕಳ ಕಾರ್ಯಕ್ರಮಗಳು ಅವರ ಅಪ್ಪ-ಅಮ್ಮಂದಿರಿಗಿಂತ ಹಳೆಯವು. ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫ್ 1964ರದು, ಚಾರ್ಲಿ ಬ್ರೌನ್ 1965ರದು, ಹಬ್ಬ ಕದಿಯುವ ಗ್ರಿಂಚ್ 1966ರದು. ಇವುಗಳ ಬಗ್ಗೆ ಅಜ್ಜಿಯರ ತಕರಾರಿಲ್ಲ. ಪ್ರಾಣಿಗಳು ಮಾತಾಡುವುದು ಪಂಚತಂತ್ರದ ಕಾಲದಿಂದ ರೂಢಿಯಾಗಿದೆ.

ಫ್ರಾಂಕ್ ಕಾಪ್ರಾ ಅವರ 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಅಜ್ಜಂದಿರ ಪಾಲಿನದು. 1974ರಲ್ಲಿ ಅದರ ಕೃತಿಸ್ವಾಮ್ಯ ನವೀಕರಿಸಲು ಮರೆತರು. ಪುಕ್ಕಟೆ ಸಿಕ್ಕಿದ್ದನ್ನು ಬಿಡಬಾರದೆಂದು ಚಾನೆಲ್‌ಗಳು ವರ್ಷವರ್ಷವೂ ತೋರಿಸಿ ಅದನ್ನು ಹಬ್ಬದ ಚಿತ್ರವಾಗಿಸಿದವು. ಸಾಯಹೊರಟ ನಾಯಕನನ್ನು ದೇವದೂತ ಉಳಿಸುವಾಗ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ಸಹಕಾರಿ ಬ್ಯಾಂಕಿನಿಂದ ನಿವೃತ್ತರಾದ ಅಜ್ಜನಿಗೆ ಮಾತ್ರ ಕಳೆದುಹೋದ ಎಂಟು ಸಾವಿರ ಡಾಲರಿನದೇ ಚಿಂತೆ. ಅಷ್ಟು ನಗದನ್ನು ಮರೆಗುಳಿ ಚಿಕ್ಕಪ್ಪನ ಕೈಗೆ ಕೊಟ್ಟವರು ಯಾರು? ಜೊತೆಗೆ ಒಬ್ಬ ಅಟೆಂಡರಾದರೂ ಬೇಡವೇ? ದೇವದೂತನಿಗಿಂತ ಮೊದಲು ಆಡಿಟರ್ ಬರಬೇಕಿತ್ತು ಎಂಬುದು ಅವರ ಖಚಿತ ಅಭಿಪ್ರಾಯ.

ಇಡೀ ಮನೆ ಒಟ್ಟಿಗೆ ನೋಡುವುದು ‘ಹೋಮ್ ಅಲೋನ್’, 1990ರದು. ಷಿಕಾಗೋ ಬಳಿಯ ದೊಡ್ಡ ಕುಟುಂಬ ಪ್ಯಾರಿಸ್ಸಿಗೆ ಹೊರಡುವ ಗಡಿಬಿಡಿಯಲ್ಲಿ ಎಂಟು ವರ್ಷದ ಹುಡುಗನನ್ನು ಮನೆಯಲ್ಲೇ ಬಿಡುತ್ತದೆ. ತಲೆ ಎಣಿಸುವಾಗ ಪಕ್ಕದ ಮನೆಯ ಹುಡುಗ ಲೆಕ್ಕಕ್ಕೆ ಸೇರಿರುತ್ತಾನೆ. ಕಳ್ಳರಿಗೆ ಬೀಳುವ ಇಸ್ತ್ರಿಪೆಟ್ಟಿಗೆ ಏಟಿಗೆ ಮೊಮ್ಮಕ್ಕಳು ಉರುಳಾಡಿ ನಗುತ್ತಾರೆ. ಅಜ್ಜಿ ನಗುವುದಿಲ್ಲ. ಮನೆತುಂಬ ಜನ ಇಟ್ಟುಕೊಂಡು ರಾತ್ರಿಯೂಟಕ್ಕೆ ಹೊರಗಿನ ಪಿಜ್ಜಾ ತರಿಸಿದಾಗಲೇ ಆ ಸಂಸಾರದ ಹಣೆಬರಹ ಅವರಿಗೆ ತಿಳಿದಿರುತ್ತದೆ. “ಇಷ್ಟು ಜನದಲ್ಲಿ ಒಬ್ಳು ಅಜ್ಜಿ ಇದ್ದಿದ್ರೆ ಈ ಸಿನಿಮಾನೇ ಆಗ್ತಿರ್ಲಿಲ್ಲ” ಎನ್ನುತ್ತಾರೆ. ಮಾತು ನಿಜವೇ. ಆದರೆ ಬೆಂಗಳೂರಿಗೆ ಹೊರಡುವ ಹೊರನಾಡ ಕುಟುಂಬ ವಿಮಾನ ನಿಲ್ದಾಣದಲ್ಲಿ ಎಣಿಸುವುದು ಸೂಟ್‌ಕೇಸುಗಳನ್ನು. ಒಂದೊಂದೂ 23 ಕಿಲೋ ದಾಟದಂತೆ ಹಿಂದಿನ ರಾತ್ರಿ ಬಾತ್‌ರೂಮಿನ ತಕ್ಕಡಿ ಮೇಲೆ ಹತ್ತಿಸಿ ಇಳಿಸಿದ್ದಾಗಿರುತ್ತದೆ. ಮರಳುವಾಗಲೂ ಇದೇ ಶಿಸ್ತು: ಮಗು ತಪ್ಪಿಹೋದೀತು, ಚಟ್ನಿಪುಡಿ ತಪ್ಪುವುದಿಲ್ಲ.

ಹಾಲ್‌ಮಾರ್ಕಿನ ಚಿತ್ರಗಳಿಗೆ ಇಂಗ್ಲಿಷ್ ಬರಬೇಕೆಂದಿಲ್ಲ. ಪೇಟೆಯ ಕೆಲಸದಲ್ಲಿ ಮುಳುಗಿದವಳು ಸಣ್ಣ ಊರಿಗೆ ಬರುತ್ತಾಳೆ, ಕ್ರಿಸ್‌ಮಸ್ ಮರ ಬೆಳೆಯುವವನನ್ನು ಕಂಡು ಅಲ್ಲೇ ಉಳಿಯುತ್ತಾಳೆ. 1972ರಲ್ಲೇ ‘ಬಂಗಾರದ ಮನುಷ್ಯ’ನನ್ನು ಹಳ್ಳಿಗೆ ಕಳಿಸಿ ಬೇಸಾಯಕ್ಕೆ ಹಚ್ಚಿದ ಪ್ರೇಕ್ಷಕರಿಗೆ ಇದರಲ್ಲಿ ಹೊಸದೇನಿಲ್ಲ. ಇಂಥ ಅನೇಕ ಚಿತ್ರಗಳ ಶೂಟಿಂಗ್ ನಡೆಯುವುದು ಬೇಸಿಗೆಯ ಕೆನಡಾದಲ್ಲಿ, ಕೃತಕ ಹಿಮ ಹರಡಿ. ಮಾತಾಡುವಾಗ ನಾಯಕಿಯ ಬಾಯಿಂದ ಆವಿ ಬಾರದಿದ್ದುದನ್ನು ಮೊದಲು ಪತ್ತೆಹಚ್ಚುವವರೂ ಅಜ್ಜಿಯರೇ. ಜೀವನದ ಮೊದಲ ಚಳಿಗಾಲವನ್ನು ಅವರು ಅಷ್ಟು ಶ್ರದ್ಧೆಯಿಂದ ಗಮನಿಸಿರುತ್ತಾರೆ. ಕೊನೆಯ ದೃಶ್ಯದಲ್ಲಿ ನಾಯಕ ಉಂಗುರ ತೆಗೆದೊಡನೆ ದೊಡ್ಡ ಆಕ್ಷೇಪ ಬರುತ್ತದೆ: ಧನುರ್ಮಾಸದಲ್ಲಿ ಮದುವೆ ಮಾತೇ? ಸಂಕ್ರಾಂತಿ ಕಳೆಯಲಿ.

ಹದಿಹರೆಯದವರ ‘ಡೈ ಹಾರ್ಡ್’ ವಾದ ಬೇರೆಯದೇ. 1988ರ ಜುಲೈನಲ್ಲಿ ತೆರೆಕಂಡ ಗುಂಡಿನ ಚಿತ್ರ ಕ್ರಿಸ್‌ಮಸ್ ಚಿತ್ರವೇ ಎಂಬ ಚರ್ಚೆಗೆ ಕೊನೆಯಿಲ್ಲ, ಹಿರಿಯರಿಗೆ ಆಸಕ್ತಿಯೂ ಇಲ್ಲ.

ಉಳಿದದ್ದು ಬೆಂಕಿ. ನ್ಯೂಯಾರ್ಕಿನ ಡಬ್ಲ್ಯುಪಿಐಎಕ್ಸ್ ಕೇಂದ್ರ 1966ರ ಕ್ರಿಸ್‌ಮಸ್ ಮುನ್ನಾದಿನ, ಅಗ್ಗಿಷ್ಟಿಕೆ ಇಲ್ಲದ ಮನೆಗಳಿಗೆಂದು, ಮೇಯರರ ಬಂಗಲೆಯಲ್ಲಿ ಚಿತ್ರಿಸಿದ 17 ಸೆಕೆಂಡುಗಳ ಉರಿಯನ್ನೇ ಸುತ್ತಿ ಸುತ್ತಿ ತೋರಿಸಿತು. ಈಗ ಅಂಥ ಬೆಂಕಿ ಎಲ್ಲ ಟಿವಿಗಳಲ್ಲೂ ಗಂಟೆಗಟ್ಟಲೆ ಉರಿಯುತ್ತದೆ. ಸೌದೆ ಒಲೆ ಊದಿ ಬೆಳೆದ ಅಜ್ಜಿ ಅದರತ್ತ ತಿರುಗಿಯೂ ನೋಡದೆ ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕುತ್ತಾರೆ. ಒಣಮೆಣಸಿನಕಾಯಿ ಚಟಪಟ ಎಂದದ್ದೇ ಸ್ಮೋಕ್ ಅಲಾರಂ ಕಿರುಚುತ್ತದೆ. ಮಗ ಸ್ಟೂಲ್ ಹತ್ತಿ ಟವೆಲ್ ಬೀಸುತ್ತಾನೆ, ಸೊಸೆ ಕಿಟಕಿ ತೆರೆಯುತ್ತಾಳೆ, ಅಜ್ಜ ಗಾಬರಿಯಿಂದ ಟಿವಿ ಆರಿಸಲು ರಿಮೋಟು ಹುಡುಕುತ್ತಾರೆ.