ಕ್ಯಾಮ್ರಿಗೆ ಅರಿಶಿನ ಶಾಸ್ತ್ರ

ಮಿಶಿಗನ್ನಿನ ನೋವೈ ಊರಿನ ಒಂದು ಕನ್ನಡ ಮನೆಯಲ್ಲಿ ಹೋದ ಶನಿವಾರದಿಂದ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ. ಕಾರಣ ಒಂದು ಸ್ಟೀಲ್ ಸೌಟು. ಅದರ ಹಿಡಿಯ ಮೇಲೆ ಅಜ್ಜಿಯ ಹೆಸರು, ಮದುವೆಯ ಇಸವಿ ಚುಕ್ಕೆ ಚುಕ್ಕೆಯಾಗಿ ಕೆತ್ತಿದೆ. ಆ ಸೌಟಿನಲ್ಲಿ ಅಜ್ಜ ಕಾರಿಗೆ ಅರಿಶಿನ ಹಾಕಿದರು.

ಕಾರು 2005ರ ಟೊಯೋಟಾ ಕ್ಯಾಮ್ರಿ. ಹೊಸ ಕಾರು ಸೊಸೆಯದು; ಇದು ಇಂಡಿಯನ್ ಸ್ಟೋರಿಗೆ, ದೇವಸ್ಥಾನಕ್ಕೆ, ಮಕ್ಕಳ ಸಾಕರ್‌ಗೆ. ಕೆಲವು ವಾರಗಳಿಂದ ಅದು ನಿಂತಲ್ಲೆಲ್ಲ ಗುಲಾಬಿ ಬಣ್ಣದ ನೀರು ಬಿಡುತ್ತಿತ್ತು. ಮೊದಲು ಕಂಡವರು ಅಜ್ಜಿ. ಯಾರೋ ದೃಷ್ಟಿ ತೆಗೆದು ಚೆಲ್ಲಿದ ಆರತಿ ನೀರು ಅಂದುಕೊಂಡು, ದಾಟದೆ ಹುಲ್ಲಿನ ಮೇಲೆ ಬಳಸಿಕೊಂಡು ಒಳಗೆ ಬಂದರು. ಎದುರು ಮನೆಯ ತೆಲುಗಿನವರ ಮೇಲೆ ಎರಡು ದಿನ ಅನುಮಾನ ಪಟ್ಟರು. ಟೊಯೋಟಾದ ಕೂಲೆಂಟ್ ಇರುವುದೇ ಗುಲಾಬಿ ಬಣ್ಣ ಎಂದ ಮೇಲೂ ಅನುಮಾನ ಪೂರ್ತಿ ಹೋಗಲಿಲ್ಲ.

ಮಗ ಡೆಟ್ರಾಯಿಟ್ ಕಡೆಯ ಕಾರು ಕಂಪನಿಯೊಂದರಲ್ಲೇ ಎಂಜಿನಿಯರು. ಸಾಫ್ಟ್‌ವೇರ್ ವಿಭಾಗ. ಬಾನೆಟ್ ಎತ್ತಿದ, ಸೊಂಟದ ಮೇಲೆ ಕೈ ಇಟ್ಟು ನಿಂತ, ಯೂಟ್ಯೂಬ್ ನೋಡಿದ, ಬಾನೆಟ್ ಇಳಿಸಿದ. "ಗುಜರಿಗೆ ಹಾಕೋಣ" ಅಂದ.

ಅಜ್ಜನಿಗೆ ಇದು ತಡೆಯಲಿಲ್ಲ. ಹಾಸನದಲ್ಲಿ ಅಂಬಾಸಿಡರ್ ಸಾಕಿದವರು ಅವರು. ಶಿರಾಡಿ ಘಾಟಿಯಲ್ಲಿ ಅದು ಕುದಿಯುವುದು, ತೊರೆಯ ನೀರು ತಂದು ಹೊಯ್ಯುವುದು, ಸೋರಿದರೆ ಲಾರಿಯವರಂತೆ ರೇಡಿಯೇಟರಿಗೆ ಅರಿಶಿನ ಸುರಿಯುವುದು ಎಲ್ಲವೂ ಅವರ ಪಾಲಿಗೆ ಡ್ರೈವಿಂಗ್‌ನ ಭಾಗವೇ. ಆಗ ಕ್ಯಾನು ಹಿಡಿದು ತೊರೆಗೆ ಓಡುತ್ತಿದ್ದವನು ಇದೇ ಮಗ.

ಶನಿವಾರ ಬೆಳಗ್ಗೆ ಮನೆಯಿಡೀ ಮಲಗಿದ್ದಾಗ ಅಜ್ಜ ಕೆಲಸಕ್ಕೆ ಇಳಿದರು. ಇಂಜಿನ್ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ, ಹಳೇ ಪಂಚೆಯ ತುಂಡು ಹಿಡಿದು ಮುಚ್ಚಳ ತಿರುಗಿಸಿದರು. ಚಾಮರಾಜನಗರದ ಅರಿಶಿನ, ಗೌರಿ ಹಬ್ಬಕ್ಕೆಂದು ಅಜ್ಜಿ ಸೂಟ್‌ಕೇಸಿನಲ್ಲಿ ತಂದದ್ದು, ಎರಡು ಸೌಟು ಹೋಯಿತು. ಆಮೇಲೆ ಸೌಟು ತಿರುಗಿಸಿ, ಹುಳಿಗೆ ಪುಡಿ ಹಾಕಿ ಕದಡುವಂತೆ ಹಿಡಿಯಿಂದ ಒಮ್ಮೆ ಕದಡಿದರು. ತೊಳೆದರು. ಅಡುಗೆ ಮನೆಯಲ್ಲಿ ಮೊದಲಿದ್ದ ಕಡೆಗೇ ಇಟ್ಟರು. ಸಾಕ್ಷಿಗೆ ನಿಂತಿದ್ದ ಮೊಮ್ಮಗಳ ಬಾಯಿಗೆ ಚಾಕಲೇಟ್ ಬಿತ್ತು.

ಮೊಮ್ಮಗಳು ಚಾಕಲೇಟ್ ತಿಂದು ಮುಗಿಸಿ, ಮಧ್ಯಾಹ್ನ ಎಲ್ಲರ ತಟ್ಟೆಗೂ ಸಾರು ಬಿದ್ದ ಮೇಲೆ ಬಾಯಿ ಬಿಟ್ಟಳು. "ತಾತ ಕಾರಿಗೂ ಇದೇ ಸ್ಪೂನಲ್ಲಿ ಬಡಿಸಿದ್ರು."

ಕಲಸಿದ ತುತ್ತು ಕಲಸಿದಲ್ಲೇ ನಿಂತಿತು. ಕೂಲೆಂಟ್ ಅಂದರೆ ಎಥಿಲೀನ್ ಗ್ಲೈಕಾಲ್. ರುಚಿಗೆ ಸಿಹಿ, ಹೊಟ್ಟೆಗೆ ಹೋದರೆ ಮೂತ್ರಪಿಂಡ ಕೆಡಿಸುವ ವಿಷ. ನಾಯಿಗಳು ನೆಕ್ಕಿ ಸಾಯುವುದು ಇದನ್ನೇ. ಸೊಸೆ ಒಂದೇ ಉಸಿರಿಗೆ ಪಾತ್ರೆಗಟ್ಟಲೆ ಸಾರು ಸಿಂಕಿಗೆ, ಅನ್ನ ಚೀಲಕ್ಕೆ, ಸೌಟು ಕಸದ ಬುಟ್ಟಿಗೆ ಹಾಕಿ ವಿಷ ಸಹಾಯವಾಣಿಗೆ ಫೋನ್ ಮಾಡಿದಳು. ಅದು ನೀರಿನಲ್ಲಿ ಕರಗುವ ವಸ್ತು, ಸೋಪು ಹಾಕಿ ತೊಳೆದಿದ್ದರೆ ಭಯವಿಲ್ಲ ಎಂದು ಆ ಕಡೆಯಿಂದ ಉತ್ತರ ಬರುವಷ್ಟರಲ್ಲಿ ಅಜ್ಜಿ ಕಸದ ಬುಟ್ಟಿಗೆ ಮೊಣಕೈವರೆಗೆ ಕೈ ಹಾಕಿದ್ದರು. "ವಿಷ ಇದ್ದರೆ ಇವರನ್ನು ಎಸಿ, ಸೌಟು ಯಾಕೆ ಎಸೀತಿ?"

ಸೋಪು ಹಾಕಿ ತೊಳೆದಿರಾ ಎಂದು ಎಲ್ಲರೂ ಅಜ್ಜನ ಮುಖ ನೋಡಿದರು. "ಎರಡು ಸಲ" ಅಂದರು ಅಜ್ಜ. ಅಜ್ಜಿ ನಂಬಲಿಲ್ಲ. ಮದುವೆಯಾದಾಗಿನಿಂದ ಅವರು ಒಂದು ಲೋಟ ತೊಳೆದದ್ದನ್ನೂ ಆಕೆ ಕಂಡಿಲ್ಲ.

ಸೋಮವಾರ ಕಾರು ಮೆಕ್ಯಾನಿಕ್ ಬಳಿ ಹೋಯಿತು. ಜೊತೆಗೆ, ಗ್ಯಾರೇಜಿನಲ್ಲಿ ಮಗನಿಗೆ ಸಿಕ್ಕ ಒಂದು ರಟ್ಟೂ ಹೋಯಿತು. ಅಜ್ಜ ದಿನಾ ರಾತ್ರಿ ಅದನ್ನು ಕಾರಿನ ಕೆಳಗೆ ಹಾಸಿ, ಬೆಳಗ್ಗೆ ಬಿದ್ದ ಕಲೆಗೆ ಪೆನ್ನಿನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ತಾರೀಖು ಬರೆದಿದ್ದರು. ಹಗಲಿಡೀ ಮಾತಿಗೊಂದು ಜನ ಸಿಗದ ಬಡಾವಣೆಯಲ್ಲಿ ಅವರಿಗೆ ಇದ್ದ ಕೆಲಸ ಅದೊಂದೇ. ಕಲೆಯೆಲ್ಲ ಬಲಗಡೆಯೇ ಇದ್ದದ್ದು ನೋಡಿ ಮೆಕ್ಯಾನಿಕ್ ನೇರ ವಾಟರ್ ಪಂಪಿಗೆ ಕೈ ಹಾಕಿದ. ಪ್ರೆಶರ್ ಟೆಸ್ಟರ್ ಹಚ್ಚಿ ಗಾಳಿ ಒತ್ತಿದಾಗ ಪಂಪಿನ ಅಡಿಯ ಸಣ್ಣ ತೂತಿನಿಂದ ಹನಿ ಬಿತ್ತು. ಒಳಗಿನ ಸೀಲು ಸವೆದಿತ್ತು. ಹಳೇ ಹಿತ್ತಾಳೆ ರೇಡಿಯೇಟರಿನ ಸೂಜಿ ತೂತಿಗೆ ಅರಿಶಿನ ತಾತ್ಕಾಲಿಕವಾಗಿ ಕೂರಬಹುದು, ತಿರುಗುವ ಪಂಪಿನ ಸೀಲಿಗೆ ಕೂರುವುದಿಲ್ಲ. ಈಗಿನ ಅಲ್ಯೂಮಿನಿಯಂ ರೇಡಿಯೇಟರಿನ, ಹೀಟರಿನ ಕಿರಿದಾದ ಕೊಳವೆಗಳಲ್ಲಿ ಮಾತ್ರ ಚೆನ್ನಾಗಿ ಕೂತುಬಿಡುತ್ತದೆ.

ಹೊಸ ಪಂಪು ಬಿತ್ತು. ಹಳದಿ ನೀರು ಹೋಗುವವರೆಗೆ ತೊಳೆದು, ಅರ್ಧ ನೀರು ಅರ್ಧ ಕೂಲೆಂಟ್ ತುಂಬಿದರು. ಈ ಮಿಶ್ರಣ ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ; ಅಜ್ಜನ ತೊರೆ ನೀರಾಗಿದ್ದರೆ ಮಿಶಿಗನ್ನಿನ ಜನವರಿಯಲ್ಲಿ ಇಂಜಿನ್ನೇ ಬಿರಿಯುತ್ತಿತ್ತು. ಬಿಲ್ಲಿನಲ್ಲಿ 'ಹಳದಿ ಪುಡಿ ತೆಗೆದದ್ದು' ಅಂತ ಬೇರೆ ಸಾಲೇ ಇತ್ತು. ಅಜ್ಜ ಅದನ್ನು ಓದಿಸಿಕೊಂಡು ಕೇಳಿದರು. "ರೇಡಿಯೇಟರಿಗೆ ಏನೂ ಆಗಿಲ್ಲ ತಾನೆ? ಮತ್ತೆ!"

ಗುಜರಿಯ ಮಾತು ಮಗ ಮತ್ತೆ ಎತ್ತಿಲ್ಲ. ಈ ಬೇಸಿಗೆಯಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ದಯವಿಟ್ಟು ವೀಸಾ ಬಂದ ವಾರವೇ ಹಳೇ ಕಾರಿನ ವಾಟರ್ ಪಂಪನ್ನು ಮೆಕ್ಯಾನಿಕ್‌ಗೆ ತೋರಿಸಿಬಿಡಿ. ಅರಿಶಿನದ ಡಬ್ಬಿಯನ್ನು ಅಪ್ಪನ ಕೈಗೆಟುಕದ ಕಪಾಟಿನಲ್ಲಿಡಿ.