ಪ್ಲಾಟಿನಂ ಬಂತು, ಕರೆಂಟ್ ಹೋಯ್ತು

ಸಾಸ್ವೆಹಳ್ಳಿಯ ಅಕ್ಕನ ಮನೆಯಲ್ಲಿ ಅಳಿಯ ಟಿವಿ ಮುಂದಿನಿಂದಲೇ ಕೂಗಿದ: "ಮಾವ, ಪ್ಲಾಟಿನಂ ಬಂತು!" ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದ ಅವನಜ್ಜಿ ತಲೆಯೆತ್ತಿ ಕೇಳಿದರು: "ಅಡ ಇಟ್ರೆ ಎಷ್ಟು ಕೊಡ್ತಾರೋ?"

ವಿಡಿಯೋ ಗೇಮ್ ಆಡಿ ಪದಕ ಗಳಿಸುವ ಈ ಚಟ ಹತ್ತಿಸಿದ್ದು 2005ರ ಎಕ್ಸ್‌ಬಾಕ್ಸ್ 360 ಕನ್ಸೋಲ್. ಆಡಿದವರಿಗೆಲ್ಲ 'ಅಚೀವ್‌ಮೆಂಟ್' ಹಂಚಿತು. ಸೋನಿ ಸುಮ್ಮನಿದ್ದೀತೆ? 2008ರಲ್ಲಿ ಪ್ಲೇಸ್ಟೇಷನ್ 3ಕ್ಕೆ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಟ್ರೋಫಿಗಳು ಬಂದವು. ಎಕ್ಸ್‌ಬಾಕ್ಸ್‌ನ ಸಿಂಪ್ಸನ್ಸ್ ಆಟದಲ್ಲಂತೂ ಸ್ಟಾರ್ಟ್ ಬಟನ್ ಒತ್ತಿದ್ದಕ್ಕೇ 5 ಅಂಕ! ಹಾಜರಿ ಕೂಗಿದಾಗ "ಎಸ್ ಸಾರ್" ಅಂದಿದ್ದಕ್ಕೆ ನಮ್ಮ ಮೇಷ್ಟ್ರು ಎಂದಾದರೂ ಅಂಕ ಕೊಟ್ಟಿದ್ದರೆ ನಾನೂ ರ‍್ಯಾಂಕ್ ವಿದ್ಯಾರ್ಥಿಯೇ.

ನಿಂಟೆಂಡೊ ಮಾತ್ರ 2017ರ ಸ್ವಿಚ್‌ನಲ್ಲೂ ಪದಕದ ಪೆಟ್ಟಿಗೆ ಇಡಲಿಲ್ಲ. ಆದರೂ 15 ಕೋಟಿಗೂ ಹೆಚ್ಚು ಸ್ವಿಚ್‌ಗಳು ಮಾರಾಟವಾದವು. ಆಟದ ಮಜಾಕ್ಕೆ ಪದಕವೇ ಬೇಕೆ? ನಮ್ಮ ಚೌಕಾಬಾರದಲ್ಲಿ ಕಾಯಿ ಕಡಿದರೆ ಇನ್ನೊಂದು ಆಟ ಸಿಗುತ್ತದೆ, ಜೊತೆಗೆ ಎದುರಿಗೆ ಕೂತವರ ಇಂಗು ತಿಂದ ಮುಖ ನೋಡುವ ಭಾಗ್ಯ. ಅದರ ಮುಂದೆ ಯಾವ ಪ್ಲಾಟಿನಂ?

ಹಾಗಂತ ಹೆಚ್ಚಿನ ಸೌಲಭ್ಯವೇ ಬೇಡ ಅನ್ನಲಾರೆ. ಸ್ಕ್ರೀನ್‌ಶಾಟ್, ಗೆಳೆಯರ ಪಟ್ಟಿ ಇದ್ದರೆ ಇರಲಿ. ಆದರೆ ಒಂದು ಗುಡುಗಿಗೆ ಕರೆಂಟ್ ಹೋಗುವ ಊರಲ್ಲಿ, ಆಟದ ದೊಡ್ಡ ವಿಲನ್ 'ಬಾಸ್' ಇನ್ನೇನು ಸತ್ತ ಅನ್ನುವಾಗ ಪರದೆ ಕಪ್ಪಾದರೆ ಹುಡುಗನ ಸಂಕಟ ಯಾರಿಗೆ ಹೇಳೋಣ? ಸೋನಿ, ಎಕ್ಸ್‌ಬಾಕ್ಸ್‌ನವರೇ, ಪದಕ ನಿಧಾನಕ್ಕೆ ಕೊಡಿ. ಮೊದಲು ಒಳಗೊಂದು ಬ್ಯಾಟರಿ ಕೂರಿಸಿ.